ಮಾರಿಷಸ್ ದ್ವೀಪದಲ್ಲಿ ಒಂದು ವರ್ಷ

ಹಿಂದೂ ಮಹಾಸಾಗರದಲ್ಲಿ, ಆಫ್ರಿಕದ ಕರಾವಳಿಯಿಂದ ಸುಮಾರು 2000 ಕಿಲೋಮೀಟರು ಪೂರ್ವಕ್ಕೆ, ಮಾರಿಷಸ್ ಎಂಬ ಪುಟ್ಟ ದ್ವೀಪವೊಂದಿದೆ. ಅದರ ವಿಸ್ತಾರ ಎರಡು ಸಾವಿರ ಚದರ ಕಿಲೋಮೀಟರಿಗೂ ಕಡಮೆ. ಬೆಳಗ್ಗೆ ಒಂದು ಕಡಲತೀರದಿಂದ ಹೊರಟವರು ಮಧ್ಯಾಹ್ನದ ಊಟದ ವೇಳೆಗೆ ಎದುರುತೀರವನ್ನು ಸುಖವಾಗಿ ಸೇರಬಹುದು. ನಮ್ಮ ಮಗಳೂ ಅಳಿಯಂದಿರೂ ಅಲ್ಲಿ ಉದ್ಯೋಗದಲ್ಲಿದ್ದಾರೆ. ಅವರ ಒತ್ತಾಯಕ್ಕೆ ಕಟ್ಟುಬಿದ್ದು 2023ರ ನವೆಂಬರ್ ಕೊನೆಯಲ್ಲಿ ಮೈಸೂರನ್ನು ಬಿಟ್ಟ ನಾವಿಬ್ಬರೂ ಮರುವರ್ಷದ ನವೆಂಬರಿನವರೆಗೆ ಆ ದ್ವೀಪದಲ್ಲಿದ್ದೆವು. ಒಂದು ವರ್ಷದ ಹಬ್ಬಹುಣ್ಣಿಮೆಗಳೆಲ್ಲ ಅಲ್ಲಿಯೇ ಕಳೆದುವು. ಆ ವರ್ಷದಿಂದ ನಾವು ಕಲಿತುಬಂದುದನ್ನು ಈ ಹೊತ್ತು ಶ್ರೋತೃಗಳ ಮುಂದೆ ಅರಿಕೆಮಾಡಿಕೊಳ್ಳುತ್ತೇವೆ.

ಹೊರಡುವಾಗಲೇ ನಮ್ಮ ಮನಸ್ಸಿನಲ್ಲಿ ಒಂದು ಅಳುಕಿದ್ದಿತು. ನಮ್ಮ ಮೊಮ್ಮಗಳಿಗೆ ಆಗ ಐದು ವರ್ಷ. ಎರಡು ವರ್ಷದ ಕೂಸಾಗಿ ಇಲ್ಲಿಂದ ಹೋದವಳು. ದೂರವಾಣಿಯಲ್ಲಿ ನಾವು ಕನ್ನಡದಲ್ಲಿ ಮಾತನಾಡಿಸಿದರೆ ಅವಳಿಗೆ ಅರ್ಥವಾಗುತ್ತಿದ್ದಿತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿಯೋ ಫ್ರೆಂಚಿನಲ್ಲಿಯೋ ಬರುತ್ತಿದ್ದಿತು. ಓರಗೆಯ ಮಕ್ಕಳೊಡನೆ ಆಡುವಾಗ ಆ ನೆಲದ ಕ್ರಿಯೋಲ್ ಮಾತು. ಮಗಳಿಗೆ ಕೆಲಸದ ಗಡಿಬಿಡಿ, ಅಳಿಯಂದಿರಿಗೂ ಹಾಗೆಯೇ. ಇನ್ನೆರಡು ವರ್ಷ ಸುಮ್ಮನಿದ್ದರೆ ಮಗುವಿನ ಬಾಯಲ್ಲಿ ಕನ್ನಡ ನಿಂತೇಹೋದೀತೆಂದು ನಮಗೆ ಭಯ. ಆದುದರಿಂದ ಪೆಟ್ಟಿಗೆಯಲ್ಲಿ ಒಂಟಿಕೊಪ್ಪಲ್ ಪಂಚಾಂಗ, ಸಕ್ಕರೆ ಅಚ್ಚಿನ ಮರದ ಪಡಿಯಚ್ಚು, ಒಂದು ಸ್ಲೇಟು, ಎರಡು ಡಬ್ಬಿ ಬಳಪ, ಇವಿಷ್ಟನ್ನು ಇಟ್ಟುಕೊಂಡು ವಿಮಾನ ಹತ್ತಿದೆವು.

ನಮ್ಮ ಬಿಡಾರವಿದ್ದುದು ರೋಸ್ ಹಿಲ್ ಎಂಬ ಊರಿನಲ್ಲಿ. ಹೋದೊಡನೆಯೇ ನಮ್ಮನ್ನು ಬೆರಗುಗೊಳಿಸಿದುದು ಅಲ್ಲಿನ ಋತುಗಳು. ಭೂಮಧ್ಯರೇಖೆಯ ದಕ್ಷಿಣಕ್ಕೆ ಇಪ್ಪತ್ತು ಡಿಗ್ರಿಗಳಾಚೆ ಇರುವ ನೆಲವಾದುದರಿಂದ ನಮ್ಮ ಚಳಿಗಾಲ ಅವರಿಗೆ ಬೇಸಗೆ. ಮೈಸೂರಿನಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಕೆಂಪಗೆ ಉರಿಯುವ ಗುಲ್‌ಮೊಹರ್ ಮರ ಅಲ್ಲಿ ಡಿಸೆಂಬರಿನಲ್ಲಿ, ಕ್ರಿಸ್ಮಸ್ಸಿನ ಹೊತ್ತಿಗೆ, ಹೂವಾಗಿ ನಿಂತಿದ್ದಿತು. ಅದೇ ತಿಂಗಳಲ್ಲಿ ಲಿಚ್ಚಿ ಹಣ್ಣಿನ ಗೊಂಚಲುಗಳು ಬೀದಿಬೀದಿಯಲ್ಲಿ ಮಾರಾಟಕ್ಕೆ ಬಂದಿದ್ದುವು. ಪಂಚಾಂಗವನ್ನು ತೆರೆದರೆ ಅದು ಹೇಮಂತ ಋತುವೆನ್ನುತ್ತಿದ್ದಿತು. ಕಿಟಕಿಯನ್ನು ತೆರೆದರೆ ಮೈಬೆವರುತ್ತಿದ್ದಿತು.

ಮಗುವಿಗೆ ಪಾಠವನ್ನು ನಾವು ಮೊದಲ ವಾರದಲ್ಲಿಯೇ ಆರಂಭಿಸಿದೆವು. ಸಂಜೆ ಐದು ಗಂಟೆಗೆ ಸ್ಲೇಟು, ಬಳಪ, ಅ ಆ ಇ ಈ. ಎಂಟು ದಿನ ಅವಳು ಸಹಿಸಿದಳು. ಒಂಬತ್ತನೆಯ ದಿನ ಅತ್ತಳು. ಹತ್ತನೆಯ ದಿನದಿಂದ ಐದು ಗಂಟೆಯಾಗುತ್ತಲೂ ತಾಯಿಯ ಕೋಣೆಯಲ್ಲಿ ಬಾಗಿಲ ಹಿಂದೆ ಅಡಗಿ ಕೂರುವುದಕ್ಕೆ ಮೊದಲು ಮಾಡಿದಳು. ಮೊಮ್ಮಗಳ ಪ್ರೀತಿಗಾಗಿ ಸಮುದ್ರ ದಾಟಿ ಬಂದವರನ್ನು ಮೊಮ್ಮಗಳೇ ಕಂಡು ಅವಿತುಕೊಳ್ಳುವುದೆಂದರೆ ಎಷ್ಟು ನೋವಿನ ಮಾತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟರಲ್ಲಿ ಸಂಕ್ರಾಂತಿ ಬಂದಿತು. 2024ರಲ್ಲಿ ಅದು ಜನವರಿ 15ರ ಸೋಮವಾರ. ಹಿಂದಿನ ರಾತ್ರಿಯೇ ಕೊಬ್ಬರಿ, ಬೆಲ್ಲ, ಕಡಲೆಕಾಯಿಬೀಜ, ಹುರಿಗಡಲೆಗಳನ್ನು ಎಳ್ಳಿನೊಡನೆ ಬೆರಸಿ ಇಟ್ಟಿದ್ದೆವು. ದ್ವೀಪವೆಲ್ಲ ಕಬ್ಬಿನ ತೋಟವೇ ಆದರೂ ಎಳ್ಳಿನೊಡನೆ ಕೊಡುವುದಕ್ಕೆ ಒಂದು ಜಲ್ಲೆ ಸಿಕ್ಕಲಿಲ್ಲ. ಅಲ್ಲಿ ಕಬ್ಬಿನ ಕಟಾವು ಜೂನಿನಿಂದ ವರ್ಷದ ಕೊನೆಯವರೆಗೆ. ಜನವರಿಯಲ್ಲಿ ಅದು ಇನ್ನೂ ಎಳೆಯ ಪೈರು. ಆಕಾಶ ಕಪ್ಪಾಗಿದ್ದಿತು. ಬೆಲಾಲ್ ಎಂಬ ಚಂಡಮಾರುತ ಸಮೀಪಿಸುತ್ತಿದೆಯೆಂಬ ಸುದ್ದಿಯಿದ್ದರೂ ಅಳಿಯಂದಿರು ಎಂದಿನಂತೆ ರಾಜಧಾನಿಯಾದ ಪೋರ್ಟ್ ಲೂಯಿಗೆ ಕೆಲಸಕ್ಕೆ ಹೋದರು. ಅಲ್ಲಿ ಸ್ವಲ್ಪ ಹೊತ್ತಿನಲ್ಲಿಯೇ ಮಳೆ ಬೀದಿಗಳನ್ನು ಹೊಳೆಗಳನ್ನಾಗಿ ಮಾಡಿತು. ನಿಂತ ಮೋಟಾರುಗಳು ಒಂದರ ಮೇಲೊಂದು ತೇಲಿ ಬಿದ್ದುವು, ಪ್ರಾಣಹಾನಿಯೂ ಆಯಿತು. ಯಾರೂ ಹೊರಗೆ ತಿರುಗಾಡಕೂಡದೆಂದು ಅಪ್ಪಣೆ ಹೊರಟಿತು. ಅಳಿಯಂದಿರು ಒಮ್ಮೆ ಮಾತ್ರ ದೂರವಾಣಿಯಲ್ಲಿ ಸಿಕ್ಕಿ, ಕಚೇರಿಯ ಮೇಲಂತಸ್ತಿನಲ್ಲಿದ್ದೇವೆ ಎಂದರು. ಆಮೇಲೆ ಅವರ ಸದ್ದಿಲ್ಲ.

ಗಾಳಿ ಜೋರಾಗುವುದಕ್ಕೆ ಮುಂಚೆ ಪಕ್ಕದ ಮನೆಯ ಮುದುಕಿಯೊಬ್ಬರು ಮೇಣದ ಬತ್ತಿಯ ಕಟ್ಟನ್ನೂ ಒಂದು ತಟ್ಟೆಯಲ್ಲಿ 'ಗಾತೊ ಪಿಮಾ' ಎಂಬ ತಿಂಡಿಯನ್ನೂ ತಂದುಕೊಟ್ಟರು. ಬಾಯಿಗಿಟ್ಟರೆ ಅದು ನಮ್ಮ ಆಂಬೊಡೆಯ ಒಡಹುಟ್ಟು. ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಕಡೆಯ ಪದ್ಧತಿಯಷ್ಟೆ. ಆ ತಟ್ಟೆಯಲ್ಲಿ ಎಳ್ಳುಬೆಲ್ಲವನ್ನು ಹಾಕಿ ಕೊಟ್ಟೆವು. ಅವರು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕ್ಷಣಕಾಲ ಸುಮ್ಮನಿದ್ದು, "ನುವ್ವುಲು" ಎಂದರು. ಅದು ತೆಲುಗಿನಲ್ಲಿ ಎಳ್ಳಿಗೆ ಹೆಸರು. ಅವರ ಪೂರ್ವಿಕರು ಆಂಧ್ರದ ತೀರದಿಂದ ಬಂದವರು. ಕೋರಂಗಿ ಬಂದರಿನ ಹೆಸರಿನಿಂದ ತೆಲುಗರನ್ನು ಆ ದ್ವೀಪದಲ್ಲಿ ಹಿಂದೆ 'ಕೋರಂಗಿ'ಗಳೆಂದೇ ಕರೆಯುತ್ತಿದ್ದರು. ಅವರಿಗೆ ತೆಲುಗು ಬರುತ್ತದೆಯೆ ಎಂದು ಸಂತೋಷದಿಂದ ಕೇಳಿದೆವು. ಬರುವುದಿಲ್ಲವೆಂದು ತಲೆಯಾಡಿಸಿದರು.

ಆ ರಾತ್ರಿ ಮೂರು ಜನ ಹಿರಿಯರೂ ಒಂದು ಮಗುವೂ ಮೇಣದ ಬತ್ತಿಯ ಸುತ್ತ ಕುಳಿತಿದ್ದೆವು. ಗಾಳಿ ಕಿಟಕಿಯನ್ನು ಗುದ್ದಿದಾಗಲೆಲ್ಲ ಮಗು ಬೆಚ್ಚಿ ಅಜ್ಜಿಯ ಸೆರಗನ್ನು ಹಿಡಿಯುತ್ತಿದ್ದಳು. ಅವಳ ಗಮನವನ್ನು ಬೇರೆಡೆಗೆ ತಿರುಗಿಸುವುದಕ್ಕಾಗಿ, ಸ್ಲೇಟಿನ ನೆನಪನ್ನೇ ಎತ್ತದೆ, ಎಳ್ಳಿನ ಬಟ್ಟಲನ್ನು ಅವಳ ಮುಂದಿಟ್ಟು, "ಇದರಲ್ಲಿ ಏನೇನಿದೆ, ಬೇರೆ ಮಾಡು ನೋಡೋಣ" ಎಂದೆವು. ಕೊಬ್ಬರಿ ಒಂದು ಕಡೆ, ಬೆಲ್ಲ ಒಂದು ಕಡೆ, ಕಡಲೆ ಒಂದು ಕಡೆ. ಹೆಸರು ಹೇಳಿ ತೆಗೆದಿಡುವುದು, ಹೇಳಿದ್ದನ್ನು ತಿನ್ನುವುದು. ನಿದ್ದೆ ಬರುವ ಹೊತ್ತಿಗೆ ಐದು ಮಾತುಗಳು ಅವಳ ಬಾಯಲ್ಲಿ ನಿಂತಿದ್ದುವು. ಮರುದಿನ ಮಧ್ಯಾಹ್ನ ಅಳಿಯಂದಿರು ಕೆಸರಿನ ಬಟ್ಟೆಯಲ್ಲಿ ಬಾಗಿಲಿಗೆ ಬಂದಾಗ ಅವಳು ಓಡಿಹೋಗಿ ಮೊದಲು ಅವರ ಕೈಗೆ ಕೊಟ್ಟುದು ಎಳ್ಳಿನ ಬಟ್ಟಲು. "ಅಪ್ಪಾ, ಬೆಲ್ಲ" ಎಂದಳು.

ಇದನ್ನು ನಾವು ಆಗ ದೊಡ್ಡ ಮಾತೆಂದು ಎಣಿಸಲಿಲ್ಲ. ಅದರ ಅರ್ಥ ತಿಳಿದುದು ವರ್ಷ ಕಳೆಯುತ್ತ ಬಂದ ಹಾಗೆ.

ಆ ದ್ವೀಪದ ಹಬ್ಬಗಳ ವಿಷಯವನ್ನು ಹೇಳಿದರೆ ಕೆಲವರಿಗೆ ಅತಿಶಯೋಕ್ತಿ ಎನಿಸೀತು. ಜನವರಿ ಮುಗಿಯುವುದರೊಳಗೆ ತಮಿಳರ ತೈಪೂಸದ ಕಾವಡಿ. ಹೂವಿನ ಕಮಾನನ್ನು ಹೊತ್ತು, ಮೈಗೆ ಸೂಜಿಗಳನ್ನು ಚುಚ್ಚಿಕೊಂಡು ನಡೆಯುವ ಭಕ್ತರ ಸಾಲು. ಫೆಬ್ರವರಿ 1, 1835ರಲ್ಲಿ ಗುಲಾಮಗಿರಿ ರದ್ದಾದ ದಿನ. ಫೆಬ್ರವರಿಯಲ್ಲಿಯೇ ಚೀನೀಯರ ಹೊಸ ವರ್ಷ. ಮಾರ್ಚಿಯಲ್ಲಿ ಶಿವರಾತ್ರಿ, ಮಾರ್ಚಿ 12, 1968ರಲ್ಲಿ ಸ್ವಾತಂತ್ರ್ಯ ಬಂದ ದಿನ. ಆ ವರ್ಷ ಏಪ್ರಿಲ್ 9ಕ್ಕೆ ಯುಗಾದಿ, ಎರಡೇ ದಿನಗಳ ತರುವಾಯ ರಂಜಾನ್ ಹಬ್ಬ. ಸೆಪ್ಟೆಂಬರಿನಲ್ಲಿ ಮರಾಠಿಗರ ಗಣೇಶ ಚತುರ್ಥಿ. ಅದೇ ತಿಂಗಳಲ್ಲಿ, 1864ರಲ್ಲಿ ತೀರಿಕೊಂಡ ಫಾದರ್ ಲಾವಾಲ್ ಎಂಬ ಪಾದ್ರಿಯ ಸಮಾಧಿಗೆ ಎಲ್ಲ ಮತದವರ ಯಾತ್ರೆ. ಅನಂತರ ದೀಪಾವಳಿ, ಕ್ರಿಸ್ಮಸ್. ನಮ್ಮ ಬೀದಿಯಲ್ಲಿಯೇ ಚೀನಿ ಮನೆತನದವರೊಬ್ಬರು, ಮುಸಲ್ಮಾನರೊಬ್ಬರು, ಆಫ್ರಿಕದ ಮೂಲದ ಕ್ರೈಸ್ತ ಕುಟುಂಬವೊಂದು, ನಮ್ಮ ತೆಲುಗು ಅಜ್ಜಿ. ಎಳ್ಳು ಹೊತ್ತ ಆ ತಟ್ಟೆ ವರ್ಷವೆಲ್ಲ ಈ ಐದು ಮನೆಗಳ ನಡುವೆ ಸುತ್ತುತ್ತಿದ್ದಿತು. ಚೀನಿ ಹೊಸ ವರ್ಷಕ್ಕೆ ಅಕ್ಕಿಹಿಟ್ಟಿನ ಅಂಟುಸಿಹಿ, ರಂಜಾನಿಗೆ ಬಿರಿಯಾನಿ. ನಾವು ಸಸ್ಯಾಹಾರಿಗಳೆಂದು ಅರಿತು ತರಕಾರಿಯದನ್ನು ಬೇರೆಯಾಗಿಯೇ ಮಾಡಿ ಕಳುಹಿಸಿದ್ದರು.

ಶಿವರಾತ್ರಿಯ ಯಾತ್ರೆ ನಮ್ಮ ಕಣ್ಣಿಗೆ ಕಟ್ಟಿದಂತಿದೆ. ದ್ವೀಪದ ದಕ್ಷಿಣದ ಬೆಟ್ಟಗಳ ನಡುವೆ ಹಳೆಯ ಜ್ವಾಲಾಮುಖಿಯ ಬಾಯಲ್ಲಿ ನಿಂತ ಒಂದು ಕೆರೆಯಿದೆ. ಗಂಗಾ ತಲಾವ್ ಎಂದು ಅದರ ಹೆಸರು. 1972ರಲ್ಲಿ ಗಂಗಾಜಲವನ್ನು ತಂದು ಅದರಲ್ಲಿ ಬೆರಸಿದರು. ಬಿಳಿಯ ಬಟ್ಟೆಯುಟ್ಟ ಸಾವಿರಾರು ಮಂದಿ ಬಿದಿರಿನಿಂದಲೂ ಬಣ್ಣದ ಕಾಗದದಿಂದಲೂ ಸಿಂಗರಿಸಿದ ಕಾವಡಿಗಳನ್ನು ಹೊತ್ತು, ದ್ವೀಪದ ಮೂಲೆಮೂಲೆಗಳಿಂದ ಅಲ್ಲಿಗೆ ನಡೆದು ಹೋಗುತ್ತಾರೆ. ನಾವೂ ಕೈಲಾದಷ್ಟು ದೂರ ನಡೆದೆವು. ದಾರಿಯುದ್ದಕ್ಕೂ ಜನ ಮನೆಯ ಮುಂದೆ ಮೇಜನ್ನಿಟ್ಟು ಹಣ್ಣು, ನೀರು, ಚಹಾಗಳನ್ನು ಹಂಚುತ್ತಿದ್ದರು. ಮೊಮ್ಮಗಳು ಅಜ್ಜನ ಹೆಗಲ ಮೇಲೆ ಕುಳಿತು ಕಾವಡಿಗಳನ್ನು ಎಣಿಸಿದಳು. ಇಪ್ಪತ್ತರವರೆಗೆ ಕನ್ನಡ, ಮೇಲೆ ಫ್ರೆಂಚ್.

ಯುಗಾದಿಯ ದಿನ ತೆಲುಗು ಅಜ್ಜಿ ನಮ್ಮನ್ನು ತಮ್ಮ ಮನೆಗೆ ಕರೆದರು. ಅಲ್ಲಿ ಏಪ್ರಿಲೆಂದರೆ ಬೇಸಗೆ ಕಳೆದು ಚಳಿ ಮೊಳೆಯುವ ಕಾಲ. ಮಾವಿನ ಮರದಲ್ಲಿ ಹೂವಿಲ್ಲ, ವಸಂತದ ಸುಳಿವಿಲ್ಲ. ಆದರೂ ಬಾಗಿಲಿಗೆ ಮಾವಿನೆಲೆಯ ತೋರಣವಿದ್ದಿತು, ಬೇವು ಬೆಲ್ಲ ಹುಣಿಸೆಗಳ ಪಚ್ಚಡಿ ಸಿದ್ಧವಾಗಿದ್ದಿತು. ಅವರು ರೋಮನ್ ಅಕ್ಷರಗಳಲ್ಲಿ ಬರೆದಿಟ್ಟ ಪುಸ್ತಕವನ್ನು ನೋಡಿಕೊಂಡು ತೆಲುಗು ಪದ್ಯಗಳನ್ನು ಸ್ವರ ತಪ್ಪದೆ ಹೇಳಿದರು. ಅರ್ಥವೇನೆಂದು ಕೇಳಿದರೆ ತಿಳಿಯದು. ಅವರು ಆಗ ಹೇಳಿದ ಮಾತನ್ನು ಮಗಳು ನಮಗೆ ಕನ್ನಡಿಸಿ ಹೇಳಿದಳು: "ನಮ್ಮಜ್ಜಿ ದೇವರ ಮುಂದೆ ಕಲಿಸಿದ್ದು ನಾಲಗೆಯಲ್ಲಿದೆ, ತಲೆಯಲ್ಲಿಲ್ಲ. ಒಲೆಯ ಮುಂದೆ ಆಡಿದ್ದು, ಬೈದದ್ದು, ಅದು ಮಾತ್ರ ನನಗೆ ಈಗಲೂ ಅರ್ಥವಾಗುತ್ತದೆ." ಅವರ ಮೊಮ್ಮಕ್ಕಳು ಶಾಲೆಯಲ್ಲಿ ತೆಲುಗನ್ನು ಪಾಠವಾಗಿ ಓದುತ್ತಾರೆ, ಸರಕಾರ ಅದಕ್ಕೆ ಅನುಕೂಲ ಮಾಡಿದೆ. ಆದರೆ ಮನೆಯಲ್ಲಿ ಅದನ್ನು ಆಡುವವರಿಲ್ಲ.

ಈ ಮಾತು ನಮ್ಮನ್ನು ಬಹಳ ದಿನ ಕಾಡಿತು. ಆ ಬಳಿಕ ಸಂತೆಗೆ ಹೋದಾಗಲೆಲ್ಲ ನಾವು ಕಿವಿಗೊಟ್ಟು ಕೇಳತೊಡಗಿದೆವು. ಕ್ರಿಯೋಲ್ ಆಡುವ ಹೆಂಗಸು ನುಗ್ಗೆಸೊಪ್ಪನ್ನು 'ಬ್ರೇದ್ ಮುರೂಂ' ಎಂದು ಕೂಗಿ ಮಾರುತ್ತಾಳೆ. ಅದರಲ್ಲಿ ತಮಿಳಿನ ಮುರುಂಗೈ ಇದೆ. ಕರಿಬೇವಿಗೆ 'ಕಾರಿಪುಲೇ', ಅದೂ ತಮಿಳಿನ ಕರಿವೇಪ್ಪಿಲೆಯೇ. ದ್ವೀಪದ ಜನವೆಲ್ಲ ಬೀದಿಯಲ್ಲಿ ಕೊಂಡು ತಿನ್ನುವ 'ದಾಲ್ ಪುರಿ' ಬೇಳೆಯ ಹೂರಣ ತುಂಬಿದ ರೊಟ್ಟಿ. ಬೆಲ್ಲವಿಲ್ಲದ, ಉಪ್ಪು ಜೀರಿಗೆಗಳ ಹೋಳಿಗೆಯೆಂದರೆ ಸರಿ. 1834ರಿಂದ 1920ರವರೆಗೆ ಹೆಚ್ಚುಕಡಮೆ ಐದು ಲಕ್ಷ ಮಂದಿ ಕೂಲಿಯ ಕರಾರಿಗೆ ಕಟ್ಟುಬಿದ್ದು ಆ ದ್ವೀಪಕ್ಕೆ ಬಂದರು. ಬಹುಪಾಲು ಭಾರತದವರು. ಅವರ ಭಾಷೆಗಳಲ್ಲಿ ಎಷ್ಟೋ ಮರೆಯಾದುವು. ಸೊಪ್ಪಿನ ಹೆಸರು, ತಿಂಡಿಯ ಹೆಸರು, ಕೈಕೆಲಸಕ್ಕೆ ಅಂಟಿಕೊಂಡ ಹೆಸರು, ಇವು ಇಂದಿಗೂ ಎಲ್ಲರ ಬಾಯಲ್ಲಿವೆ.

ಚಳಿಗಾಲದಲ್ಲಿ ಬೀದಿಯ ಪರಿಚಯದವರೊಬ್ಬರ ಮನೆಯಲ್ಲಿ ಮದುವೆಯಾಯಿತು. ಬಿಹಾರದ ಭೋಜಪುರಿ ಸೀಮೆಯಿಂದ ಬಂದ ಮನೆತನ. ಮದುವೆಗೆ ಮುಂಚೆ ಹೆಂಗಸರು ಸೇರಿ ಹಾಡುವ 'ಗೀತ್ ಗವಾಯಿ' ಎಂಬ ಸಂಪ್ರದಾಯಕ್ಕೆ ನಮ್ಮಲ್ಲೊಬ್ಬರನ್ನು ಕರೆದರು. ಇನ್ನೊಬ್ಬರು ಗಂಡಸರೊಡನೆ ಅಂಗಳದಲ್ಲಿ ಕುಳಿತು ಕೇಳಿದರು. ಐದು ಜನ ಮುತ್ತೈದೆಯರು ಒಂದು ಬಟ್ಟೆಯಲ್ಲಿ ಅರಿಸಿನ, ಅಕ್ಕಿ, ಗರಿಕೆ, ನಾಣ್ಯಗಳನ್ನು ಅಣಿಮಾಡಿದರು, ಉಳಿದವರು ಹಾಡಿದರು. ಬಳಿಕ ಢೋಲಕಿಗೆ ಪೂಜೆ, ಆಮೇಲೆ ಎಲ್ಲರ ಹಾಡು, ಕುಣಿತ. ಮನೆಯಲ್ಲಿ ಕ್ರಿಯೋಲನ್ನೇ ಆಡುವ ಹುಡುಗಿಯರು ಹಾಡಿನ ಭೋಜಪುರಿ ಮಾತುಗಳನ್ನು ಅರ್ಥ ತಿಳಿದು ನಗುತ್ತಿದ್ದರು. ಯುನೆಸ್ಕೊ ಸಂಸ್ಥೆ 2016ರಲ್ಲಿ ಈ ಸಂಪ್ರದಾಯವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಗುಲಾಮರಾಗಿ ಬಂದ ಆಫ್ರಿಕದವರು ಆಡಿನ ಚರ್ಮದ 'ರವಾನ್' ಎಂಬ ತಮಟೆಯೊಡನೆ ಹಾಡಿ ಕುಣಿದು ಉಳಿಸಿಕೊಂಡ ಸೇಗಾ ಅದಕ್ಕೆ ಎರಡು ವರ್ಷ ಮೊದಲೇ ಆ ಪಟ್ಟಿಯನ್ನು ಸೇರಿದ್ದಿತು. ಒಡೆಯರು ಅವರಿಂದ ಹೆಸರನ್ನೂ ಕಿತ್ತುಕೊಂಡಿದ್ದರು, ತಾಳವನ್ನು ಕಿತ್ತುಕೊಳ್ಳಲಾಗಲಿಲ್ಲ.

ಆ ರಾತ್ರಿ ಮನೆಗೆ ಬಂದು ಸ್ಲೇಟನ್ನು ಪೆಟ್ಟಿಗೆಯ ತಳದಲ್ಲಿಟ್ಟೆವು. ನಮ್ಮ ಹವ್ಯಾಸಗಳಿಗೆ ಮಗುವನ್ನು ಜೊತೆ ಮಾಡಿಕೊಳ್ಳೋಣ, ಅಕ್ಷರ ಆಮೇಲೆ ಬರಲಿ ಎಂದು ನಿಶ್ಚಯಿಸಿದೆವು.

ನಮ್ಮಲ್ಲೊಬ್ಬರಿಗೆ ಐವತ್ತು ವರ್ಷಗಳಿಂದ ಅಂಚೆಚೀಟಿಯ ಹುಚ್ಚು. ಅಂಥವರಿಗೆ ಮಾರಿಷಸ್ ಎಂದರೆ ಕಾಶಿ. 1847ರಲ್ಲಿ ಅಲ್ಲಿ ಅಚ್ಚಾದ ಒಂದು ಪೆನ್ನಿಯ ಕೆಂಪು ಚೀಟಿ, ಎರಡು ಪೆನ್ಸಿನ ನೀಲಿ ಚೀಟಿ, ಒಂದೊಂದೂ ಐನೂರು ಮಾತ್ರ. ಈಗ ಲೋಕದಲ್ಲಿ ಎರಡೂ ಸೇರಿ ಮೂವತ್ತೂ ಉಳಿದಿಲ್ಲ. ಪೋರ್ಟ್ ಲೂಯಿಯ ಬ್ಲೂ ಪೆನ್ನಿ ವಸ್ತುಸಂಗ್ರಹಾಲಯದಲ್ಲಿ ಒಂದು ಜೋಡಿಯಿದೆ. ಬಣ್ಣ ಮಾಸದಿರಲೆಂದು ಗಂಟೆಗೆ ಕೆಲವು ನಿಮಿಷ ಮಾತ್ರ ಅವುಗಳ ಮೇಲೆ ದೀಪ ಹಾಕುತ್ತಾರೆ. ಮೊಮ್ಮಗಳನ್ನು ಎತ್ತಿಕೊಂಡು ಆ ದೀಪಕ್ಕಾಗಿ ಕಾದೆವು. ಹತ್ತಿಕೊಂಡಾಗ "ಇಷ್ಟು ಚಿಕ್ಕದಾ?" ಎಂದು ಅವಳು ಕನ್ನಡದಲ್ಲಿಯೇ ಕೇಳಿದಳು. ಭಾನುವಾರಗಳಂದು ಅವಳೊಡನೆ ಚೀಟಿಗಳನ್ನು ಪುಸ್ತಕಕ್ಕೆ ಅಂಟಿಸುವುದು ರೂಢಿಯಾಯಿತು: ಹಕ್ಕಿ ಒಂದು ಪುಟ, ಹಡಗು ಒಂದು ಪುಟ. ಆ ನೆಲದಲ್ಲಿ ಹುಟ್ಟಿ, ಹದಿನೇಳನೆಯ ಶತಮಾನದಲ್ಲಿ ಅಲ್ಲಿಯೇ ನಿರ್ವಂಶವಾದ ಡೋಡೋ ಹಕ್ಕಿಗೆ ಅವಳು ಇಟ್ಟ ಹೆಸರು 'ದಪ್ಪಜ್ಜ'.

ಅದೇ ಪೋರ್ಟ್ ಲೂಯಿಯ ಬಂದರಿನಲ್ಲಿ ನಿಂತಾಗ ಮೈಸೂರಿನವರಾದ ನಮಗೆ ಇನ್ನೊಂದು ಸಂಗತಿ ನೆನಪಾಯಿತು. ದ್ವೀಪವು ಫ್ರೆಂಚರ ವಶದಲ್ಲಿದ್ದಾಗ, 1798ರ ಜನವರಿಯಲ್ಲಿ, ಟಿಪ್ಪು ಸುಲ್ತಾನನ ಇಬ್ಬರು ರಾಯಭಾರಿಗಳು ಸೈನ್ಯದ ನೆರವನ್ನು ಕೋರಿ ಇಲ್ಲಿ ಬಂದಿಳಿದರು. ಗವರ್ನರ್ ಮಲಾರ್ತಿಕ್ ಗುಟ್ಟಾಗಿರಬೇಕಾದ ಆ ಕೋರಿಕೆಯನ್ನು ಪ್ರಕಟಣೆ ಹೊರಡಿಸಿ ಊರಿಗೆಲ್ಲ ಸಾರಿಬಿಟ್ಟನು. ನೂರರಷ್ಟು ಮಂದಿ ಮಾತ್ರ ನೆರವಿಗೆ ಹೊರಟರು. ಆದರೆ ಪ್ರಕಟಣೆಯ ಸುದ್ದಿ ವೆಲೆಸ್ಲಿಯನ್ನು ಮುಟ್ಟಿ ಅವನಿಗೆ ಯುದ್ಧದ ನೆವವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಆ ದೂರದ ನೆಲ ನಮ್ಮ ಊರಿನ ಚರಿತ್ರೆಗೆ ಅಪರಿಚಿತವಲ್ಲ.

ನಮ್ಮಲ್ಲಿ ಇನ್ನೊಬ್ಬರದು ತೋಟದ ಹವ್ಯಾಸ. ಹಿತ್ತಿಲಿನ ನಾಲ್ಕು ಮಾರು ನೆಲದಲ್ಲಿ ಬದನೆ, ಕೊತ್ತಂಬರಿ, ಕರಿಬೇವು, ಒಂದು ನುಗ್ಗೆಯ ಕೊಂಬೆ. ಮಗು ನೀರು ಹಾಕುವಳು. ಗಿಡಗಳೊಡನೆ ಕನ್ನಡದಲ್ಲಿ ಮಾತನಾಡಿದರೆ ಬೇಗ ಬೆಳೆಯುತ್ತವೆಂದು ಅವಳಿಗೆ ನಂಬಿಸಿದ್ದೆವು. ಪಾಂಪ್ಲೆಮೂಸ್ ಎಂಬಲ್ಲಿನ ಹಳೆಯ ಸಸ್ಯೋದ್ಯಾನಕ್ಕೆ ಹೋದಾಗ, ಕೊಳದಲ್ಲಿ ತೇಲುವ ಮೊರದಗಲದ ತಾವರೆಯೆಲೆಗಳಿಗಿಂತಲೂ ನಮ್ಮನ್ನು ಹಿಡಿದು ನಿಲ್ಲಿಸಿದುದು ಶ್ರೀತಾಳೆಯ ಮರಗಳು. ಬಾಳಿನಲ್ಲಿ ಒಂದೇ ಸಲ ಹೂಬಿಟ್ಟು ಸಾಯುವ ಮರ. ನಮ್ಮ ಹಿರಿಯರು ಕಾವ್ಯಗಳನ್ನು ಬರೆದಿಟ್ಟುದು ಅದರ ಗರಿಯ ಮೇಲೆ. ಮಗುವಿಗೆ ಅದನ್ನು ಹೇಳಿದೆವು. ಅವಳು ಕೆಳಗೆ ಬಿದ್ದ ಒಂದು ಒಣ ಎಲೆಯ ಮೇಲೆ ಕಡ್ಡಿಯಿಂದ ಒಂದು 'ಅ' ಗೀರಿದಳು. ಸ್ಲೇಟಿನ ಎಂಟು ದಿನಗಳು ಪೂರ್ತಿಯಾಗಿ ವ್ಯರ್ಥವಾಗಿರಲಿಲ್ಲ.

ಅಕ್ಟೋಬರ್ 31ಕ್ಕೆ ದೀಪಾವಳಿ. ತೆಲುಗು ಅಜ್ಜಿ ಸಿಹಿಗೆಣಸಿನ ಕಣಕದಲ್ಲಿ ಕಾಯಿಸಕ್ಕರೆ ತುಂಬಿ ಕರಿಯುವ 'ಗಾತೊ ಪತಾತ್' ಮಾಡುವುದಕ್ಕೆ ನಮ್ಮ ಅಡಿಗೆಮನೆಗೇ ಬಂದರು. ಪಕ್ಕದ ಒಲೆಯ ಮೇಲೆ ನಮ್ಮ ಕರ್ಜಿಕಾಯಿ. ಬೀದಿಯ ಮಕ್ಕಳೆಲ್ಲ ಬಾಗಿಲಲ್ಲಿ ಮುತ್ತಿದ್ದರು. ಕರಿದಿಟ್ಟುದಕ್ಕೆ ಒಬ್ಬ ಹುಡುಗ ಕೈ ಹಾಕಿದನು. ಆಗ ನಮ್ಮ ಮೊಮ್ಮಗಳು ಥೇಟು ಅಜ್ಜಿಯ ಧ್ವನಿಯಲ್ಲಿ, "ಮುಟ್ಟಬೇಡ, ಸುಡುತ್ತೆ!" ಎಂದು ಗದರಿಸಿದಳು. ಹುಡುಗನಿಗೆ ಕನ್ನಡ ಬಾರದು. ಕೈಯನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡನು. ತೆಲುಗು ಅಜ್ಜಿ ನಕ್ಕು, "ಇನ್ನು ಭಯವಿಲ್ಲ, ಬೈಯುವುದಕ್ಕೆ ಕಲಿತಳು" ಎಂದರು.

ಎರಡು ದಿನ ಕಳೆದು ನವೆಂಬರ್ 2. 1834ರ ಆ ದಿನ ಅಟ್ಲಾಸ್ ಎಂಬ ಹಡಗು 36 ಮಂದಿ ಕೂಲಿಗಳನ್ನು ಪೋರ್ಟ್ ಲೂಯಿಗೆ ತಂದಿತು. ಅದರ ನೆನಪಿಗಾಗಿ ದೇಶಕ್ಕೆಲ್ಲ ರಜೆ. ಹೊರಡುವ ಮುನ್ನ ನಾವು ಆಪ್ರವಾಸಿ ಘಾಟನ್ನು ನೋಡಿದೆವು. ವಲಸೆ ಬಂದವರು ಹಡಗಿನಿಂದಿಳಿದು ಹತ್ತಿದ ಕಲ್ಲಿನ ಮೆಟ್ಟಿಲುಗಳು ಅಲ್ಲಿ ಉಳಿದಿವೆ. ಒಬ್ಬೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು ದಾಖಲೆ ಬರೆಯುತ್ತಿದ್ದರು. ಆ ಮೆಟ್ಟಿಲುಗಳ ಬಳಿ ನಿಂತಾಗ, ಪಂಚಾಂಗವನ್ನೂ ಹಿಂದಿರುಗುವ ಟಿಕೆಟ್ಟನ್ನೂ ಇಟ್ಟುಕೊಂಡು ಬಂದ ನಾವು ಪಟ್ಟ ಭಯ ನಮಗೇ ಸಣ್ಣದಾಗಿ ಕಂಡಿತು. ಅವರು ಬಂದುದು ಬರಿಗೈಯಲ್ಲಿ. ಆ ಕೈಗಳು ಮಾಡಿದ ಕೆಲಸದ ಜೊತೆಗೆ ಎಷ್ಟು ಮಾತುಗಳು ಬಂದುವೊ ಅಷ್ಟು ಉಳಿದುವು.

ಈಗ ನಾವು ಮೈಸೂರಿಗೆ ಮರಳಿದ್ದೇವೆ. ಮೊಮ್ಮಗಳು ಪೂರ್ಣ ಕನ್ನಡತಿಯಾದಳೆಂದು ಹೇಳಿಕೊಂಡರೆ ಸುಳ್ಳಾದೀತು. ಅವಳ ವಾಕ್ಯ ಕನ್ನಡದಲ್ಲಿ ಹೊರಟು ನಡುವೆ ಫ್ರೆಂಚಿಗೆ ಹೊರಳುವುದುಂಟು. ಅಡಿಗೆ, ಗಿಡ, ಅಂಚೆಚೀಟಿ, ಗದರಿಕೆ, ಇವುಗಳ ಮಾತು ಗಟ್ಟಿಯಾಗಿದೆ. ಉಳಿದುದನ್ನು ಅವಳ ತಾಯಿತಂದೆಗಳು ನೋಡಿಕೊಳ್ಳಬೇಕು. ಪರದೇಶದಲ್ಲಿ ಮೊಮ್ಮಕ್ಕಳಿರುವ ಕುಟುಂಬಗಳು ಈಗ ನಮ್ಮ ಬೀದಿಬೀದಿಗಳಲ್ಲಿವೆ. ಅಂಥ ಹಿರಿಯರಿಗೆ ನಮ್ಮ ಬಿನ್ನಹವಿಷ್ಟೆ: ಹೋಗುವಾಗ ಸ್ಲೇಟನ್ನು ಒಯ್ದರೂ ಒಯ್ಯಿರಿ; ಪಡಿಯಚ್ಚನ್ನು ಮಾತ್ರ ಮರೆಯಬೇಡಿರಿ.

ಕಳೆದ ಭಾನುವಾರ ದೂರವಾಣಿಯಲ್ಲಿ ಅವಳು ಮೊದಲು ಹೇಳಿದ ಸುದ್ದಿ ಇದು: "ಅಜ್ಜೀ, ತಾತಾ, ನುಗ್ಗೆಗಿಡ ಅಪ್ಪನಿಗಿಂತ ಎತ್ತರ ಆಯ್ತು. ಪಕ್ಕದ ಮನೆ ಅಜ್ಜಿಗೆ ಸೊಪ್ಪು ಕೊಟ್ಟೆ. ತಟ್ಟೆ ಇನ್ನೂ ಅಲ್ಲೇ ಇದೆ."

ತಟ್ಟೆ ಬರಿದಾಗಿ ಹಿಂದಿರುಗಲಾರದು. ಆ ಬೀದಿಯನ್ನು ನಾವು ಬಲ್ಲೆವು.